ಅರ್ಥಪಟ್ಟಿಯ ಆಚೆಗೆ: ಇಂಗ್ಲಿಷ್ ನುಡಿಗಟ್ಟುಗಳನ್ನು ಕನ್ನಡದಲ್ಲಿ ತಿಳಿಯುವ ಬಗೆ

1

ಪದವಿ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿಯಾಗಿ ಪಾಠ ಮಾಡುತ್ತಿದ್ದಾಗ ನಡೆದ ಒಂದು ಸಣ್ಣ ಪ್ರಸಂಗದಿಂದ ಈ ಬರಹವನ್ನು ಆರಂಭಿಸಬಹುದೆಂದು ತೋರುತ್ತದೆ. ಹಳ್ಳಿಯಿಂದ ಬರುತ್ತಿದ್ದ, ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ್ದ ವಿದ್ಯಾರ್ಥಿಯೊಬ್ಬ ನಾಲ್ಕು ದಿನಗಳ ರಜೆ ಕೇಳಿ ಇಂಗ್ಲಿಷಿನಲ್ಲಿ ಅರ್ಜಿ ಬರೆದಿದ್ದ. ಅವನ ತಾತ ತೀರಿಕೊಂಡಿದ್ದರು. ಅರ್ಜಿಯಲ್ಲಿ ಆ ಸಂಗತಿಯನ್ನು ತಿಳಿಸಲು ಅವನು ಬಳಸಿದ್ದುದು 'ಕಿಕ್ಡ್ ದ ಬಕೆಟ್' ಎಂಬ ಮಾತನ್ನು. ಅರ್ಜಿ ಅಧ್ಯಾಪಕರ ಕೊಠಡಿಯಲ್ಲಿ ಕೈಯಿಂದ ಕೈಗೆ ಹೋಯಿತು; ಎಲ್ಲರೂ ನಕ್ಕರು. ನಾನೂ ನಕ್ಕೆ ಎಂಬುದನ್ನು ಮರೆಮಾಚಲಾರೆ.

ಮರುವಾರ ಅವನನ್ನು ಕರೆದು ವಿಚಾರಿಸಿದಾಗ ಅವನು ತನ್ನ ಚೀಲದಿಂದ ಒಂದು ಪುಸ್ತಕವನ್ನು ತೆಗೆದು ತೋರಿಸಿದ. ಸ್ಪರ್ಧಾತ್ಮಕ ಪರೀಕ್ಷೆಗಳಿಗೆಂದು ಸಿದ್ಧಪಡಿಸಿದ ನುಡಿಗಟ್ಟುಗಳ ಪಟ್ಟಿ ಅದು. ಎಡಗಡೆ ಇಂಗ್ಲಿಷ್ ನುಡಿಗಟ್ಟು, ಬಲಗಡೆ ಕನ್ನಡದಲ್ಲಿ ಅರ್ಥ. 'ಕಿಕ್ ದ ಬಕೆಟ್' ಎಂಬುದರ ಎದುರು 'ಸಾಯು' ಎಂಬ ಒಂದೇ ಪದವಿತ್ತು. "ಪುಸ್ತಕದಲ್ಲಿ ಹಾಗೇ ಇದೆಯಲ್ಲ ಮೇಡಂ" ಎಂದು ಅವನು ಕೇಳಿದ. ಪುಸ್ತಕ ಕೊಟ್ಟ ಅರ್ಥ ತಪ್ಪೆಂದು ಹೇಳುವಂತಿರಲಿಲ್ಲ. ಅವನು ಬರೆದದ್ದು ಸರಿಯೆಂದೂ ಹೇಳುವಂತಿರಲಿಲ್ಲ. ಅರ್ಥ ಸರಿಯಾಗಿದ್ದೂ ಪ್ರಯೋಗ ತಪ್ಪಾಗುವುದು ಹೇಗೆ ಎಂಬ ಪ್ರಶ್ನೆಯೇ ಈ ಲೇಖನದ ವಿಷಯ.

ಕೇಂದ್ರ ಸರ್ಕಾರದ ನೇಮಕಾತಿ ಪರೀಕ್ಷೆಗಳ ಇಂಗ್ಲಿಷ್ ವಿಭಾಗದಲ್ಲಿ ನುಡಿಗಟ್ಟುಗಳ ಬಗೆಗೆ ಪ್ರಶ್ನೆಗಳಿರುತ್ತವೆ. ಆದುದರಿಂದ ಇಂತಹ ಪಟ್ಟಿಗಳಿಗೆ ಬೇಡಿಕೆಯಿರುವುದು ಸಹಜ. ನಾಲ್ಕು ಉತ್ತರಗಳಲ್ಲಿ ಒಂದನ್ನು ಗುರುತಿಸುವುದಕ್ಕೆ 'ಸಾಯು' ಎಂಬ ಅರ್ಥ ಸಾಕು. ಪತ್ರ ಬರೆಯುವುದಕ್ಕೆ, ಮಾತನಾಡುವುದಕ್ಕೆ, ಅನುವಾದಿಸುವುದಕ್ಕೆ ಅದು ಸಾಲದು. ಈ ಕೊರತೆಯ ಬೆಲೆಯನ್ನು ತೆರುವವರು ಪಟ್ಟಿ ಮಾಡಿದವರಲ್ಲ. ಮನೆಯಲ್ಲಿ ಇಂಗ್ಲಿಷ್ ಕೇಳದೆ ಬೆಳೆದ, ಪಟ್ಟಿಯನ್ನೇ ನಂಬಿದ ಮಕ್ಕಳು.

2

'ಕಿಕ್ ದ ಬಕೆಟ್' ಎಂಬ ಮಾತು ಫ್ರಾನ್ಸಿಸ್ ಗ್ರೋಸ್ 1785ರಲ್ಲಿ ಪ್ರಕಟಿಸಿದ ಇಂಗ್ಲಿಷಿನ ಗ್ರಾಮ್ಯನುಡಿಗಳ ಕೋಶದಲ್ಲಿಯೇ ದಾಖಲಾಗಿದೆ. ಅದು ದಾಖಲಾದದ್ದು ಬೀದಿಮಾತಿನ ಕೋಶದಲ್ಲಿ ಎಂಬುದನ್ನು ಗಮನಿಸಬೇಕು. ಇಂದಿಗೂ ಅದು ತಮಾಷೆಯ, ಅಗೌರವದ ಮಾತಾಗಿಯೇ ಉಳಿದಿದೆ.

ಈ ವ್ಯತ್ಯಾಸ ಕನ್ನಡಿಗರಿಗೆ ಅಪರಿಚಿತವಾದುದೇನಲ್ಲ. ಸಾವಿನ ವಿಷಯದಲ್ಲಿ ನಮ್ಮ ಭಾಷೆಯಷ್ಟು ಎಚ್ಚರದಿಂದ ನಡೆದುಕೊಳ್ಳುವ ಭಾಷೆಗಳು ಕಡಿಮೆಯೆಂದೇ ಹೇಳಬಹುದು. ಮನೆಯ ಹಿರಿಯರು 'ತೀರಿಕೊಳ್ಳುತ್ತಾರೆ', 'ಹೋಗಿಬಿಡುತ್ತಾರೆ', ಆಹ್ವಾನ ಪತ್ರಿಕೆಯಲ್ಲಿ 'ದೈವಾಧೀನರಾಗುತ್ತಾರೆ', 'ವೈಕುಂಠವಾಸಿಗಳಾಗುತ್ತಾರೆ', ಮಠಾಧೀಶರು 'ಲಿಂಗೈಕ್ಯರಾಗುತ್ತಾರೆ', ಪತ್ರಿಕೆಯ ವರದಿಯಲ್ಲಿ ಗಣ್ಯರು 'ಕೊನೆಯುಸಿರೆಳೆಯುತ್ತಾರೆ'. ಆಗದವನು ಮಾತ್ರ 'ಗೊಟಕ್ ಅನ್ನುತ್ತಾನೆ', 'ನೆಗೆದುಬೀಳುತ್ತಾನೆ'. ಇವೆಲ್ಲವುಗಳ ಎದುರು 'ಸಾಯು' ಎಂದು ಬರೆದರೆ ಅರ್ಥ ಹೇಳಿದಂತಾಯಿತೇ? ನಾನು ಆ ವಿದ್ಯಾರ್ಥಿಯನ್ನು, "ನಿಮ್ಮ ತಾತ ನೆಗೆದುಬಿದ್ದರು ಅಂತ ಯಾರಾದರೂ ಅಂದರೆ ನಿನಗೆ ಹೇಗಿರುತ್ತದಪ್ಪಾ?" ಎಂದು ಕೇಳಿದೆ. ಅವನು ತಲೆ ತಗ್ಗಿಸಿದ. ಮತ್ತೆ ವಿವರಿಸುವ ಅಗತ್ಯವಿರಲಿಲ್ಲ. ಅವನಲ್ಲಿ ಭಾಷಾವಿವೇಕಕ್ಕೆ ಕೊರತೆಯಿರಲಿಲ್ಲ. ಆ ವಿವೇಕವನ್ನು ಇಂಗ್ಲಿಷಿನ ಕಲಿಕೆಗೆ ಬಳಸಿಕೊಳ್ಳಬಹುದೆಂದು ಅವನಿಗೆ ಯಾರೂ ತಿಳಿಸಿರಲಿಲ್ಲ.

ಭಾರತೀಯ ಕಾವ್ಯಮೀಮಾಂಸೆ ಈ ವಿಷಯದಲ್ಲಿ ನಮಗೆ ನೆರವಾಗಬಲ್ಲದು. ಪದದ ನೇರ ಅರ್ಥಕ್ಕೆ ಬಾಧೆ ಬಂದಾಗ, ಅದಕ್ಕೆ ಸಂಬಂಧಪಟ್ಟ ಬೇರೊಂದು ಅರ್ಥವನ್ನು ರೂಢಿಯಿಂದಲೋ ಪ್ರಯೋಜನದಿಂದಲೋ ಪಡೆಯುವುದನ್ನು ಮಮ್ಮಟ ಲಕ್ಷಣೆಯೆಂದು ಕರೆಯುತ್ತಾನೆ. ರೂಢಿಲಕ್ಷಣೆಗೆ ಅವನು ಕೊಡುವ ಉದಾಹರಣೆ 'ಕುಶಲ' ಎಂಬ ಪದ. ದರ್ಭೆಯನ್ನು ಕೈಗೆ ಗಾಯವಾಗದಂತೆ ಕೀಳಬಲ್ಲವನು ಕುಶಲ. ಅದರಿಂದ ಯಾವುದೇ ಕೆಲಸದಲ್ಲಿ ನಿಪುಣನಾದವನೂ ಕುಶಲ. ನುಡಿಗಟ್ಟುಗಳನ್ನು ರೂಢಿಲಕ್ಷಣೆಯ ನೆಲೆಯಿಂದ ನೋಡುವುದು ಉಚಿತವೆಂದು ನನ್ನ ಅಭಿಪ್ರಾಯ. ಆ ಉದಾಹರಣೆಯಲ್ಲಿಯೇ ಇನ್ನೊಂದು ಸೂಚನೆಯೂ ಇದೆ. ಆಲಂಕಾರಿಕ ಅರ್ಥ ಹುಟ್ಟಿದ್ದು ಒಂದು ಕೈಕೆಲಸದಿಂದ. ಹುಲ್ಲು ಕೀಳುವವನ ಬೆರಳು ತಿಳಿದಿದ್ದ ಎಚ್ಚರವೇ ಆ ಪದದ ಬೇರು.

ಇಂಗ್ಲಿಷ್ ನುಡಿಗಟ್ಟುಗಳ ಬಹುದೊಡ್ಡ ಪಾಲು ಹೀಗೆ ಕಸುಬುಗಳಿಂದ ಬಂದುದಾಗಿದೆ. ಹಾಯಿಹಡಗಿನ ಕೆಲಸವೊಂದೇ ಎಷ್ಟೋ ಮಾತುಗಳನ್ನು ಕೊಟ್ಟಿದೆ. ಹೊಸಬನಿಗೆ ಕೆಲಸ ಕಲಿಸುವುದನ್ನು 'ಹಗ್ಗಗಳನ್ನು ತೋರಿಸು' ಎನ್ನುವುದು, ಬೆರಗಾಗುವುದನ್ನು 'ಟೇಕನ್ ಅಬ್ಯಾಕ್' ಎನ್ನುವುದು, ಒಟ್ಟಾರೆಯಾಗಿ ಎಂಬರ್ಥದಲ್ಲಿ 'ಬೈ ಅಂಡ್ ಲಾರ್ಜ್' ಎನ್ನುವುದು ನಾವಿಕರಿಂದ ಬಂದವು. ಎದುರುಗಾಳಿಗೆ ಹಾಯಿಗಳು ಹಿಂದಕ್ಕೊತ್ತಿ ಕೂವೆಮರಕ್ಕೆ ಅಂಟಿಕೊಂಡಾಗ ಹಡಗು ತಟ್ಟನೆ ತಡೆಯುತ್ತದೆ. ಬೆರಗಿನ ಅರ್ಥ ಅಲ್ಲಿಂದ ಬಂದಿದೆ. ಕುಡಿದು ತೂರಾಡುವವನ ಬಗ್ಗೆ ಹೇಳುವ ಮಾತಿನಲ್ಲಿ ಬರುವ 'ಶೀಟ್' ಹಾಯಿಗೆ ಕಟ್ಟುವ ಹಗ್ಗವೇ ಹೊರತು ಹಾಸುಬಟ್ಟೆಯಲ್ಲ. ಕೋಶದಲ್ಲಿ ಪದಗಳನ್ನು ಒಂದೊಂದಾಗಿ ಹುಡುಕುವ ವಿದ್ಯಾರ್ಥಿಗೆ ಇದು ಎಂದಿಗೂ ದಕ್ಕುವುದಿಲ್ಲ.

3

ಕಸುಬಿನಿಂದ ಹುಟ್ಟಿದ ನುಡಿಗಟ್ಟು ಇನ್ನೊಂದು ನೆಲಕ್ಕೆ ಬಂದಾಗ ಏನಾಗುತ್ತದೆ? ಕನ್ನಡ ಪತ್ರಿಕಾ ಭಾಷೆಯಲ್ಲಿ ನೆಲೆಸಿರುವ, ನೆಲೆಸಲು ಯತ್ನಿಸುತ್ತಿರುವ ಮೂರು ಮಾತುಗಳನ್ನು ಪರಿಶೀಲಿಸಬಹುದು.

ಮೊದಲನೆಯದು 'ಬ್ಲ್ಯಾಕ್ ಶೀಪ್'. ಮನೆತನಕ್ಕೆ ಅಥವಾ ಗುಂಪಿಗೆ ಕೆಟ್ಟ ಹೆಸರು ತರುವವನು ಎಂಬುದು ಇದರ ಅರ್ಥ. ಇಂಗ್ಲೆಂಡಿನ ಉಣ್ಣೆ ವ್ಯಾಪಾರದಲ್ಲಿ ಕಪ್ಪು ಉಣ್ಣೆಗೆ ಬೇರೆ ಬಣ್ಣ ಹತ್ತುತ್ತಿರಲಿಲ್ಲವಾದ್ದರಿಂದ ಅದಕ್ಕೆ ಬೆಲೆ ಕಡಿಮೆ. ಬಿಳಿಯ ಮಂದೆಯಲ್ಲಿ ಹುಟ್ಟಿದ ಒಂದು ಕಪ್ಪು ಮರಿ ಅಲ್ಲಿನ ಕುರಿಗಾರನಿಗೆ ನಷ್ಟದ ಬಾಬ್ತು. ಇದನ್ನು ಕನ್ನಡದಲ್ಲಿ 'ಕಪ್ಪು ಕುರಿ' ಎಂದು ಬರೆಯುವವರಿದ್ದಾರೆ. ಆದರೆ ನಮ್ಮ ಬಯಲುಸೀಮೆಯ ದಖನಿ ತಳಿಯ ಕುರಿಗಳಲ್ಲಿ ಕಪ್ಪು ಬಣ್ಣವೇ ಹೆಚ್ಚು. ಚಳ್ಳಕೆರೆಯ ಸುತ್ತಮುತ್ತ ನೇಯುವ ಕಂಬಳಿಗೆ ಆ ಕಪ್ಪೇ ಬಂಡವಾಳ. ಬಣ್ಣ ಹಾಕದೆಯೇ ಕಪ್ಪಾಗಿರುವ ಉಣ್ಣೆ, ಹುಣಸೆಬೀಜದ ಸರಿ ಹಚ್ಚಿ ನೇಯ್ದ ಕರಿಕಂಬಳಿ ಕುರುಬ ಸಮುದಾಯದಲ್ಲಿ ಬರಿಯ ಹೊದಿಕೆಯಲ್ಲ. ಶುಭಕಾರ್ಯಗಳಲ್ಲಿ ಅದನ್ನು ಹಾಸಿ ಗದ್ದುಗೆ ಮಾಡುತ್ತಾರೆ. ಅಲ್ಲಿ ಬೆಲೆ ಕಳೆದ ಗುಣವೇ ಇಲ್ಲಿ ಬೆಲೆ ತಂದಿದೆ. ಇದಲ್ಲದೆ ಕನ್ನಡದಲ್ಲಿ 'ಕುರಿ' ಎಂಬುದಕ್ಕೆ ಈಗಾಗಲೇ ಒಂದು ಲಾಕ್ಷಣಿಕ ಅರ್ಥವಿದೆ. ಮೋಸಹೋಗುವವನು ಕುರಿ, ಇತರರನ್ನು ಮರುಳು ಮಾಡುವುದು 'ಕುರಿ ಮಾಡುವುದು'. 'ಕಪ್ಪು ಕುರಿ' ಎಂದಾಗ ಕನ್ನಡದ ಕಿವಿಗೆ ಕೇಳುವುದು ದಡ್ಡತನವೇ ವಿನಾ ಕೇಡಲ್ಲ. ಹಾಗೆಂದು 'ಕುಲಗೇಡಿ' ಎಂದು ಅನುವಾದಿಸಿದರೂ ಸರಿಹೋಗದು. ಇಂಗ್ಲಿಷಿನಲ್ಲಿ ಒಬ್ಬನು ನಗುತ್ತಲೇ ತನ್ನನ್ನು ತಾನು ಮನೆಯ ಕಪ್ಪು ಕುರಿಯೆಂದು ಕರೆದುಕೊಳ್ಳಬಹುದು. ನಗುತ್ತಾ ಕುಲಗೇಡಿಯೆಂದು ಹೇಳಿಕೊಳ್ಳುವವರನ್ನು ನಾನು ಕಂಡಿಲ್ಲ.

ಎರಡನೆಯದು 'ಬಿಳಿಯಾನೆ'. ನಷ್ಟದಲ್ಲಿರುವ ಸಾರ್ವಜನಿಕ ಉದ್ದಿಮೆ, ಬಳಕೆಯಾಗದ ಬೃಹತ್ ಕಟ್ಟಡ ಮುಂತಾದವುಗಳಿಗೆ ಈ ಮಾತು ಬಳಕೆಯಾಗುತ್ತದೆ. ಸಯಾಮಿನ ಅರಸರು ತಮಗಾಗದ ಆಸ್ಥಾನಿಕರಿಗೆ ಬಿಳಿಯಾನೆಯನ್ನು ಉಡುಗೊರೆ ಕೊಟ್ಟು, ಸಾಕುವ ವೆಚ್ಚದಿಂದಲೇ ಅವರನ್ನು ದಿವಾಳಿ ಮಾಡುತ್ತಿದ್ದರೆಂಬ ಕಥೆ 19ನೆಯ ಶತಮಾನದ ಇಂಗ್ಲಿಷ್ ಓದುಗರಲ್ಲಿ ಪ್ರಚಾರ ಪಡೆಯಿತು. ವಸ್ತುಸ್ಥಿತಿಯಲ್ಲಿ ಸಯಾಮಿನಲ್ಲಿ ಬಿಳಿಯಾನೆ ಅರಸನಿಗೇ ಸಲ್ಲತಕ್ಕ ಪೂಜ್ಯ ಪ್ರಾಣಿ. 1916ರವರೆಗೂ ಆ ದೇಶದ ಧ್ವಜದ ಮೇಲೆ ಅದರ ಚಿತ್ರವಿತ್ತು. ನಮ್ಮಲ್ಲಿಯೂ ಬಿಳಿಯಾನೆ ಇಂದ್ರನ ಐರಾವತ. ದಿಗಂಬರ ಜೈನ ಪುರಾಣಗಳಲ್ಲಿ ತೀರ್ಥಂಕರನ ತಾಯಿ ಕಾಣುವ ಹದಿನಾರು ಕನಸುಗಳಲ್ಲಿ ಮೊದಲನೆಯದು ಅದೇ. ನಮ್ಮ ಸಾರಿಗೆ ಸಂಸ್ಥೆ ತನ್ನ ಸುಖಾಸನದ ಬಸ್ಸಿಗೆ 'ಐರಾವತ' ಎಂದು ಹೆಸರಿಟ್ಟಾಗ ಯಾರಿಗೂ ನಷ್ಟದ ನೆನಪು ಬರಲಿಲ್ಲ. ಇಷ್ಟಿದ್ದೂ 'ಬಿಳಿಯಾನೆ' ಕನ್ನಡದಲ್ಲಿ ಬೇರೂರಿತು. ಇದಕ್ಕೆ ಕಾರಣವನ್ನು ಬಣ್ಣದಲ್ಲಿ ಅಲ್ಲ, ಆನೆಯಲ್ಲಿ ಹುಡುಕಬೇಕೆಂದು ತೋರುತ್ತದೆ. ಅರಮನೆ, ಮಠ, ದೇವಾಲಯಗಳಲ್ಲಿ ಆನೆ ಸಾಕುವುದನ್ನು ಕಂಡ ಜನರಿಗೆ ಅದರ ಮೇವಿನ ಖರ್ಚು ಎಂತಹುದೆಂದು ತಿಳಿದಿದೆ. ಚಿತ್ರದ ಅರ್ಧ ಭಾಗ ಇಲ್ಲಿಯೇ ಇದ್ದುದರಿಂದ ಉಳಿದರ್ಧ ನಿಂತುಕೊಂಡಿತು.

ಮೂರನೆಯದು 'ಹಳಿ ತಪ್ಪು'. ಬೆಂಗಳೂರಿನಿಂದ ಜೋಲಾರಪೇಟೆಗೆ ರೈಲುಮಾರ್ಗ ಆರಂಭವಾದದ್ದು 1864ರಲ್ಲಿ. ರೈಲಿನೊಡನೆ ಅದರ ಮಾತುಗಳೂ ಬಂದವು. ಮಾತುಕತೆ ಹಳಿ ತಪ್ಪುತ್ತದೆ, ಸಂಸಾರ ಮತ್ತೆ ಹಳಿಗೆ ಬರುತ್ತದೆ, ಯೋಜನೆಗೆ ಸಚಿವರು ಹಸಿರು ನಿಶಾನೆ ತೋರಿಸುತ್ತಾರೆ. ಇವು ಇಂಗ್ಲಿಷಿನ ಮಾತುಗಳಿಗೆ ಸಂವಾದಿಯಾದವು ಎಂಬುದು ಇಂದು ಯಾರ ಗಮನಕ್ಕೂ ಬರುವುದಿಲ್ಲ. ಹಳಿ ನಮ್ಮ ಊರಿನ ಪಕ್ಕದಲ್ಲಿಯೇ ಇದೆ, ನಿಶಾನೆ ಹಿಡಿದವನನ್ನು ನಾವು ಕಂಡಿದ್ದೇವೆ. ಕ್ರಿಕೆಟ್ಟಿನ 'ಕ್ಲೀನ್ ಬೋಲ್ಡ್' ಎಂಬ ಮಾತಿಗೆ ಹಳ್ಳಿಯ ಮಕ್ಕಳೂ ಅರ್ಥ ಕೇಳದಿರುವುದು ಇದೇ ಕಾರಣಕ್ಕೆ.

ಈ ಮೂರು ನಿದರ್ಶನಗಳಿಂದ ಒಂದು ಮಾತನ್ನು ಹೇಳಬಹುದು. ನುಡಿಗಟ್ಟು ಹುಟ್ಟಿದ ಕೆಲಸ ನಮ್ಮಲ್ಲಿಯೂ ನಡೆಯುತ್ತಿದ್ದರೆ ಅದರ ಅನುವಾದ ಬದುಕುತ್ತದೆ. ಇಲ್ಲವಾದರೆ ಪತ್ರಿಕೆಯ ಶೀರ್ಷಿಕೆಯಲ್ಲಿ ಮಾತ್ರ ಉಳಿಯುತ್ತದೆ.

4

ಕೆಲವು ವೇಳೆ ಅನುವಾದವೇ ಹೊಸ ಗೊಂದಲಕ್ಕೆ ಕಾರಣವಾಗುವುದುಂಟು. 'ರೆಡ್ ಟೇಪ್' ಎಂಬುದು ಇದಕ್ಕೆ ಒಳ್ಳೆಯ ನಿದರ್ಶನ. ಇಂಗ್ಲೆಂಡಿನ ಕಚೇರಿಗಳಲ್ಲಿ ಕಾಗದಪತ್ರಗಳ ಕಟ್ಟುಗಳನ್ನು ಕೆಂಪು ಬಟ್ಟೆಯ ದಾರದಿಂದ ಬಿಗಿಯುವ ರೂಢಿಯಿತ್ತು. ಆ ದಾರವೇ ಕಚೇರಿಯ ವಿಳಂಬಕ್ಕೆ ಸಂಕೇತವಾಗಿ, 19ನೆಯ ಶತಮಾನದ ಮಧ್ಯಭಾಗದ ವೇಳೆಗೆ ಕಾರ್ಲೈಲ್, ಡಿಕನ್ಸ್ ಮುಂತಾದವರ ಬರಹಗಳಲ್ಲಿ ಕಾಣಿಸಿಕೊಂಡಿತು. ಕನ್ನಡದಲ್ಲಿ ಇದನ್ನು 'ಕೆಂಪುಪಟ್ಟಿ' ಎಂದು ಅನುವಾದಿಸಲಾಯಿತು. 'ಪಟ್ಟಿ' ಎಂದರೆ ಬಟ್ಟೆಯ ಸೀಳು ಎಂಬ ಅರ್ಥವಿರುವುದು ನಿಜ. ಆದರೆ ಇಂದಿನ ಓದುಗನಿಗೆ ಪಟ್ಟಿ ಎಂದರೆ ಮೊದಲು ಹೊಳೆಯುವುದು ಯಾದಿ. ಅಳಿವಿನಂಚಿನ ಜೀವಿಗಳ ಅಂತಾರಾಷ್ಟ್ರೀಯ ಯಾದಿಯನ್ನೂ 'ಕೆಂಪುಪಟ್ಟಿ' ಎಂದೇ ಬರೆಯುವುದರಿಂದ, ಕಚೇರಿಯ ವಿಳಂಬವೂ ಕಾಡಿನ ಜೀವಿಗಳ ಸಂಕಟವೂ ಒಂದೇ ಹೆಸರನ್ನು ಹೊತ್ತು ನಿಂತಿವೆ.

ಅದೇ ಕಚೇರಿಯ ಲೋಕದಲ್ಲಿ ಕನ್ನಡಕ್ಕೆ ತನ್ನದೇ ಆದ ಮಾತುಗಳಿವೆ ಎಂಬುದನ್ನು ನಾವು ಮರೆಯುತ್ತೇವೆ. ಕೆಲಸ 'ನೆನೆಗುದಿಗೆ ಬೀಳುತ್ತದೆ', ಅರ್ಜಿ 'ಮೂಲೆಗುಂಪಾಗುತ್ತದೆ', ಕಡತ 'ಧೂಳು ತಿನ್ನುತ್ತದೆ'. ಈ 'ಕಡತ' ಎಂಬ ಪದದ ಚರಿತ್ರೆಯೂ ಗಮನಾರ್ಹವಾದುದು. ಬಟ್ಟೆಗೆ ಹುಣಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಸಿ, ಬಳಪದಿಂದ ಲೆಕ್ಕ ಬರೆಯುತ್ತಿದ್ದ ಪುಸ್ತಕ ಕಡತ. ಶೃಂಗೇರಿ ಮಠದ ಕಡತಗಳು ಚರಿತ್ರೆಯ ಆಕರಗಳಾಗಿ ವಿದ್ವಾಂಸರಿಗೆ ಪರಿಚಿತವಾಗಿವೆ. ಅದರ ಮೇಲಿನ ಬರಹವನ್ನು ಅಳಿಸಿ ಮತ್ತೆ ಬರೆಯಬಹುದಾಗಿತ್ತು. ವಸ್ತು ಮರೆಯಾದರೂ ಹೆಸರು ಉಳಿದು, ಇಂದು ಗಣಕಯಂತ್ರದೊಳಗಿನ ದಾಖಲೆಗೂ ಸಲ್ಲುತ್ತಿದೆ. ಇಂಗ್ಲಿಷಿನ ಕೆಂಪು ದಾರಕ್ಕೆ ಆದದ್ದೇ ನಮ್ಮ ಕಪ್ಪು ಬಟ್ಟೆಗೂ ಆಗಿದೆ. ವಿದ್ಯಾರ್ಥಿಗೆ 'ರೆಡ್ ಟೇಪ್' ಎಂಬುದನ್ನು ಕಲಿಸುವಾಗ ಕಡತದ ಕಥೆಯನ್ನೂ ಜೊತೆಗೆ ಹೇಳಿದರೆ, ಪದವೊಂದು ತಾನು ಹುಟ್ಟಿದ ವಸ್ತುವನ್ನು ಮೀರಿ ಬದುಕುವ ಬಗೆ ಅವನಿಗೆ ತಾನಾಗಿಯೇ ತಿಳಿಯುತ್ತದೆ.

5

ಇಲ್ಲಿ ಒಂದು ಎಚ್ಚರಿಕೆಯೂ ಅಗತ್ಯ. ಮೂಲವನ್ನು ಹೇಳಬೇಕೆಂದೊಡನೆ ಕಟ್ಟುಕಥೆಗಳು ನುಗ್ಗುತ್ತವೆ. ಜೋರಾದ ಮಳೆಗೆ ಇಂಗ್ಲಿಷಿನಲ್ಲಿ 'ಬೆಕ್ಕುನಾಯಿಗಳ ಮಳೆ' ಎನ್ನುತ್ತಾರಷ್ಟೆ. ಹುಲ್ಲಿನ ಮಾಡಿನ ಮೇಲೆ ಮಲಗಿದ್ದ ಬೆಕ್ಕುನಾಯಿಗಳು ಮಳೆಗೆ ಜಾರಿ ಬೀಳುತ್ತಿದ್ದವೆಂಬ ವಿವರಣೆ ಬಹಳ ಪ್ರಚಾರದಲ್ಲಿದೆ. ಅದಕ್ಕೆ ಆಧಾರವಿಲ್ಲ, ಮಿಂಚಂಚೆಯ ಮೂಲಕ ಹರಡಿದ ಕಥೆಯದು. ಜೊನಾಥನ್ ಸ್ವಿಫ್ಟ್ 1738ರಲ್ಲಿ ಪ್ರಕಟಿಸಿದ ಸಂಭಾಷಣೆಗಳ ಪುಸ್ತಕದಲ್ಲಿ ಆ ಮಾತು ಇದೆ. ಅದರ ಹುಟ್ಟಿನ ಕಾರಣ ಮಾತ್ರ ಖಚಿತವಾಗಿಲ್ಲ. ಖಚಿತವಿಲ್ಲದ ಕಡೆ ಖಚಿತವಿಲ್ಲ ಎಂದೇ ಬರೆಯಬೇಕು.

ಹಿಂದೆ ಹೇಳಿದ 'ಕುಶಲ' ಪದದ ಉದಾಹರಣೆಯನ್ನು ಸಾಹಿತ್ಯದರ್ಪಣದ ವಿಶ್ವನಾಥ ಒಪ್ಪುವುದಿಲ್ಲ. ಪದದ ವ್ಯುತ್ಪತ್ತಿಗೆ ಕಾರಣವಾದುದು ಬೇರೆ, ಅದರ ಬಳಕೆಗೆ ಕಾರಣವಾದುದು ಬೇರೆ ಎಂಬುದು ಅವನ ವಾದ. ಮೂಲದ ಕಥೆಯೇ ಅರ್ಥವೆಂದು ಭ್ರಮಿಸುವವರಿಗೆ ಇದು ಸಕಾಲಿಕ ಎಚ್ಚರಿಕೆ. ನಾವು 'ಕುಂಭದ್ರೋಣ ಮಳೆ' ಎನ್ನುವಾಗ ಕುಂಭ, ದ್ರೋಣಗಳೆಂಬ ಹಳೆಯ ಅಳತೆಗಳನ್ನು ಯಾರೂ ನೆನೆಯುವುದಿಲ್ಲ. ಮಾತು ಮಳೆಯ ರಭಸವನ್ನು ಮಾತ್ರ ತಿಳಿಸುತ್ತದೆ. ಮೂಲವು ಮಾತನ್ನು ನೆನಪಿನಲ್ಲಿಡಲು ಸಹಾಯಕ. ಪ್ರಯೋಗವನ್ನು ನಿರ್ಧರಿಸುವುದು ಬಳಕೆ.

6

ಹಾಗಾದರೆ ಕನ್ನಡದ ವಿದ್ಯಾರ್ಥಿಗೆ ಎಂತಹ ಕೋಶ ಬೇಕು? ಪ್ರತಿಯೊಂದು ನುಡಿಗಟ್ಟಿಗೂ ಐದು ಸಂಗತಿಗಳನ್ನು ಕೊಡಬೇಕೆಂಬುದು ನನ್ನ ಸಲಹೆ. ಮಾತಿನ ನೇರ ಚಿತ್ರ ಯಾವುದು. ಅದು ಯಾವ ಕೆಲಸದಿಂದ ಅಥವಾ ಸಂದರ್ಭದಿಂದ ಬಂದಿತು, ಅಥವಾ ತಿಳಿಯದು. ಇಂದು ಅದರ ಅರ್ಥವೇನು. ಯಾರು ಯಾರೆದುರಿಗೆ ಅದನ್ನು ಆಡಬಹುದು, ಎಲ್ಲಿ ಆಡಬಾರದು. ಅಂತಹುದೇ ಸಂದರ್ಭದಲ್ಲಿ ಕನ್ನಡ ಏನೆನ್ನುತ್ತದೆ. ಇವುಗಳಲ್ಲಿ ನಾಲ್ಕನೆಯದೇ ಮುಖ್ಯ. ಈಗಿನ ಪಟ್ಟಿಗಳಲ್ಲಿ ಇಲ್ಲದಿರುವುದೂ ಅದೇ.

ಐದನೆಯದರಲ್ಲಿ ವಿಶೇಷ ಎಚ್ಚರ ಬೇಕು. 'ಟರ್ನ್ ಎ ಬ್ಲೈಂಡ್ ಐ' ಎಂಬುದರ ಜೊತೆಗೆ, 1801ರ ಕೋಪನ್‌ಹೇಗನ್ ಕದನದಲ್ಲಿ ನೆಲ್ಸನ್ ತನ್ನ ಕುರುಡುಗಣ್ಣಿಗೆ ದೂರದರ್ಶಕ ಹಿಡಿದು ಹಿಂದೆಗೆಯುವ ಸಂಕೇತ ಕಾಣಲಿಲ್ಲವೆಂದ ಕಥೆಯನ್ನು ಹೇಳುತ್ತಾರೆ. ಇದಕ್ಕೆ ಕನ್ನಡದ 'ಜಾಣಗುರುಡು' ಎಷ್ಟು ಸೊಗಸಾಗಿ ಹೊಂದುತ್ತದೆ! ಆದರೆ 'ಗಿವ್ ಎ ಹ್ಯಾಂಡ್' ಎಂಬುದನ್ನು ಅಕ್ಷರಶಃ 'ಕೈಕೊಡು' ಎಂದರೆ ಸಹಾಯ ಹೋಗಿ ದ್ರೋಹವಾಗುತ್ತದೆ. ಕನ್ನಡದಲ್ಲಿ ಗೆಳೆಯನೂ ಕೈಕೊಡುತ್ತಾನೆ, ಮಳೆಯೂ ಕೈಕೊಡುತ್ತದೆ, ಪಂಪ್‌ಸೆಟ್ಟೂ ಕೈಕೊಡುತ್ತದೆ. ಒಂದೇ ಅಂಗ, ಒಂದೇ ಕ್ರಿಯೆ. ಅರ್ಥ ಮಾತ್ರ ತಿರುವುಮುರುವು. ಇಂತಹ ಜೋಡಿಗಳನ್ನು ತರಗತಿಯಲ್ಲಿ ಎದುರುಬದುರಾಗಿ ಇರಿಸಿದರೆ ಎರಡೂ ಭಾಷೆಗಳ ಕಲಿಕೆ ಒಟ್ಟಿಗೆ ನಡೆಯುತ್ತದೆ.

ಈ ಕೆಲಸಕ್ಕೆ ನಮ್ಮಲ್ಲಿ ಪೂರ್ವಪರಂಪರೆ ಇಲ್ಲವೆಂದಲ್ಲ. ಕಿಟೆಲ್ ತನ್ನ 1894ರ ಕೋಶದಲ್ಲಿ ಪದಗಳ ಕೆಳಗೆ ಗಾದೆಗಳನ್ನೂ ಬಳಕೆಯ ಮಾತುಗಳನ್ನೂ ಹೇರಳವಾಗಿ ಕೊಟ್ಟಿದ್ದಾನೆ. ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್-ಕನ್ನಡ ನಿಘಂಟು ಪ್ರಕಟವಾದುದು 1946ರಲ್ಲಿ. ಪ್ರೊ. ಜಿ. ವೆಂಕಟಸುಬ್ಬಯ್ಯನವರು 'ಇಗೋ ಕನ್ನಡ' ಅಂಕಣದಲ್ಲಿ ಸಾಮಾನ್ಯ ಓದುಗರ ಪದಜಿಜ್ಞಾಸೆಗೆ ವರ್ಷಗಟ್ಟಲೆ ತಾಳ್ಮೆಯಿಂದ ಉತ್ತರಿಸಿದರು. ಪಾ.ವೆಂ. ಆಚಾರ್ಯರು ಪದಗಳ ಬೆನ್ನುಹತ್ತಿ ಅವುಗಳ ಲೋಕವನ್ನೇ ತೋರಿಸಿದರು. ಈ ಪರಂಪರೆಯನ್ನು ನುಡಿಗಟ್ಟುಗಳ ಕಡೆಗೆ ವಿಸ್ತರಿಸುವ ಹೊಣೆ ಇಂಗ್ಲಿಷ್ ವಿಭಾಗಗಳದು ಮಾತ್ರವಲ್ಲ. ಕನ್ನಡದ ಪ್ರಯೋಗವನ್ನು ತೂಗಿ ಹೇಳಬೇಕಾದವರು ಕನ್ನಡ ವಿಭಾಗದವರೇ.

ಪರೀಕ್ಷೆಯ ಒತ್ತಡದಲ್ಲಿ ಇಷ್ಟೆಲ್ಲ ಓದಲು ವಿದ್ಯಾರ್ಥಿಗೆ ಸಮಯವೆಲ್ಲಿದೆ ಎಂಬ ಆಕ್ಷೇಪ ಬರಬಹುದು. ಅದು ಹುರುಳಿಲ್ಲದ ಮಾತಲ್ಲ. ಐನೂರು ನುಡಿಗಟ್ಟುಗಳಿಗೆ ಐದೈದು ವಿವರಗಳೆಂದರೆ ದೊಡ್ಡ ಪುಸ್ತಕವಾಗುತ್ತದೆ. ಆದರೆ ಐನೂರನ್ನು ಕಂಠಪಾಠ ಮಾಡಿ ಒಂದನ್ನೂ ಧೈರ್ಯದಿಂದ ಬಳಸಲಾರದ ವಿದ್ಯಾರ್ಥಿಗಿಂತ, ನೂರನ್ನು ತಿಳಿದು ಉಳಿದವನ್ನು ಅನುಮಾನದಿಂದ ನೋಡಬಲ್ಲ ವಿದ್ಯಾರ್ಥಿ ಮೇಲು. ಇನ್ನು, ಹೊರಗಿನ ನುಡಿಗಟ್ಟು ಕನ್ನಡಕ್ಕೆ ಬರಲೇಬಾರದೆಂಬ ಮಡಿವಂತಿಕೆಯೂ ಈ ಲೇಖನದ ಉದ್ದೇಶವಲ್ಲ. ಹಳಿಯೂ ನಿಶಾನೆಯೂ ಬಂದಂತೆ ಇನ್ನೂ ಎಷ್ಟೋ ಬರಲಿ.

ಆ ವಿದ್ಯಾರ್ಥಿ ಮುಂದೆ ತನ್ನ ಅರ್ಜಿಯನ್ನು ಸರಳವಾದ ಇಂಗ್ಲಿಷಿನಲ್ಲಿ ಮತ್ತೆ ಬರೆದುಕೊಟ್ಟ. ಅದರಲ್ಲಿ ಒಂದೂ ನುಡಿಗಟ್ಟು ಇರಲಿಲ್ಲ, ತಪ್ಪೂ ಇರಲಿಲ್ಲ. ಅಂದಿನಿಂದ ತರಗತಿಯಲ್ಲಿ ಅವನು ಇಂಗ್ಲಿಷಿನಲ್ಲಿ ಮಾತನಾಡಿದ್ದನ್ನು ಮಾತ್ರ ನಾನು ಕೇಳಲಿಲ್ಲ. ಅಂದು ಕೊಠಡಿಯಲ್ಲಿ ನಕ್ಕವರು ನಾವು. ಅವನ ಕೈಗೆ ಸರಿಯಾದ ಪುಸ್ತಕವೊಂದನ್ನು ಕೊಡಬೇಕಾದವರೂ ನಾವೇ ಆಗಿದ್ದೆವು.